ಗೇಟಿನ ಮುಂದೆ ಮೂವತ್ತೊಂಬತ್ತು ಮಂದಿ

ಮಾರ್ಚ್ ಆರು, ಗುರುವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಆ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಳು. ವಯಸ್ಸು ಮೂವತ್ತೆಂಟು, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಕೆಲಸ. ರೈಟರ್ ಕಾನ್‌ಸ್ಟೇಬಲ್ ಪುಸ್ತಕ ತೆರೆದು, ಏನು ಕಳುವಾಗಿದೆ ಎಂದು ಕೇಳಿದ.

"ಕಳುವಾಗಿಲ್ಲ. ನಮ್ಮಮ್ಮನ್ನ ಯಾರೋ ಅಳಿಸಿಬಿಟ್ಟಿದಾರೆ."

ರೈಟರ್ ಪೆನ್ನು ಕೆಳಗಿಟ್ಟ. "ಅಳಿಸಿದಾರೆ ಅಂದ್ರೆ? ಕೊಲೆನಾ?"

"ಅಮ್ಮ ಸತ್ತು ಇಪ್ಪತ್ತೊಂಬತ್ತು ವರ್ಷ ಆಯ್ತು."

"ಮತ್ತೆ ಈಗ ಎಲ್ಲಿಂದ ಅಳಿಸಿದ್ರು ತಾಯಿ, ಮತದಾರರ ಪಟ್ಟಿಯಿಂದಾನಾ?"

ಒಳಕೋಣೆಯಲ್ಲಿ ಕೂತಿದ್ದ ಇನ್ಸ್‌ಪೆಕ್ಟರ್ ಕಿವಿಗೆ ಇದೆಲ್ಲ ಬೀಳುತ್ತಿತ್ತು. ಆತನಿಗೆ ಕೋಪ ಮೂಗಿನ ತುದಿಯಲ್ಲೇ. ಅದು ಯಾವತ್ತು ಯಾರ ಮೇಲೆ ಇಳಿಯುತ್ತದೆ ಎಂಬುದಷ್ಟೇ ಠಾಣೆಯವರಿಗೆ ಗೊತ್ತಿರುತ್ತಿರಲಿಲ್ಲ.

"ರೈಟರ್, ಹಲ್ಲು ಕಿರಿದದ್ದು ಸಾಕು. ಆಯಮ್ಮನ್ನ ಒಳಗೆ ಕಳಿಸು."

ಅವಳು ಬಂದು ಕುರ್ಚಿಯ ತುದಿಯಲ್ಲಿ ಕೂತಳು.

"ಸುತ್ತಿ ಬಳಸಿ ಹೇಳಬೇಡ. ನೇರ ಹೇಳು."

ಅವಳು ನೇರವಾಗಿಯೇ ಹೇಳಿದಳು. ಊರಿನವರು ಸೇರಿ ಕಟ್ಟಿದ ಕಲಾ ಸಂಗ್ರಹಾಲಯದಲ್ಲಿ ಈ ಭಾಗದ ಕಲಾವಿದರಿಗೇ ಮೀಸಲಾದ ಒಂದು ಹಾಲ್ ಇದೆ. ಅಲ್ಲಿ ಶಾಶ್ವತ ಪ್ರದರ್ಶನಕ್ಕಿಟ್ಟ ಚಿತ್ರಗಳಲ್ಲೆಲ್ಲ ದೊಡ್ಡದು, ತೀರಿಹೋದ ಡ್ರಾಯಿಂಗ್ ಮೇಷ್ಟ್ರು ಬರೆದ ಹೆಂಚಿನ ಕಾರ್ಖಾನೆಯ ಮುಷ್ಕರದ ಚಿತ್ರ. ಮೂವತ್ತೆಂಟು ವರ್ಷದ ಹಿಂದೆ ಕೆಲಸಗಾರರು ನಲವತ್ತೊಂದು ದಿನ ಕಾರ್ಖಾನೆಯ ಗೇಟಿನ ಮುಂದೆ ಕೂತಿದ್ದರು. ಕೂತವರು ಇನ್ನೂರು ಜನ, ಕೊನೆಯ ದಿನದ ತನಕ ಏಳದೆ ಉಳಿದವರು ನಲವತ್ತು. ಆ ನಲವತ್ತು ಮುಖಗಳನ್ನೂ ಮೇಷ್ಟ್ರು ಎದುರಿಗೇ ಕೂತು ನೋಡಿ ಬರೆದಿದ್ದರು. ಎರಡನೇ ಸಾಲಿನಲ್ಲಿ ಗಲ್ಲಕ್ಕೆ ಕೈ ಕೊಟ್ಟು ಕೂತವಳೇ ಇವಳ ತಾಯಿ.

"ನಿನ್ನೆ ಹೋಗಿ ನೋಡ್ತೀನಿ, ಅಮ್ಮ ಇಲ್ಲ. ಅಲ್ಲಿ ಬರೀ ಗೋಡೆ ಇದೆ."

"ನಿನಗೆ ಜಾಗ ತಪ್ಪಿರಬೇಕು."

"ಹತ್ತೊಂಬತ್ತು ವರ್ಷದಿಂದ ಹೋಗ್ತಿದೀನಿ ಸಾರ್. ನಮ್ಮನೆ ಬಾಗಿಲು ತಪ್ಪಬಹುದು, ಅದು ತಪ್ಪಲ್ಲ."

"ಫೋಟೋ ಇದ್ದರೆ ತಾ. ಚಿತ್ರದ ಜೊತೆ ಇಟ್ಟು ನೋಡೋಣ."

"ಒಂದೂ ಇಲ್ಲ. ನನಗೆ ಒಂಬತ್ತು ವರ್ಷ ಆದಾಗ ಹೋದಳು. ಅಮ್ಮನ ಮುಖ ನೆನಪಿಸ್ಕೊಳ್ಳೋಣ ಅಂತ ಕಣ್ಣು ಮುಚ್ಚಿದ್ರೆ ಬರೋದೂ ಆ ಚಿತ್ರದ್ದೇ. ಬೇರೆ ಮುಖ ನನ್ನ ಹತ್ರ ಇಲ್ಲ."

ಇನ್ಸ್‌ಪೆಕ್ಟರ್ ಟೋಪಿ ಕೈಗೆತ್ತಿಕೊಂಡ. ಸಂಗ್ರಹಾಲಯ ಎರಡು ಬೀದಿ ಆಚೆಗಿತ್ತು. ಹೋಗಿ, ಇವಳ ತಾಯಿಯನ್ನು ಇವಳಿಗೇ ತೋರಿಸಿ, ಹತ್ತು ನಿಮಿಷದಲ್ಲಿ ವಾಪಸ್ ಬರುವುದು ಅವನ ಯೋಚನೆಯಾಗಿತ್ತು. ಹೆಡ್ ಕಾನ್‌ಸ್ಟೇಬಲ್ ಒಬ್ಬಳನ್ನು ಜೊತೆಗೆ ಕರೆದುಕೊಂಡ. ಇಪ್ಪತ್ತೆರಡು ವರ್ಷ ಸರ್ವಿಸ್ ಆದ ಹೆಂಗಸು. ಅವನ ಸಿಟ್ಟಿಗೆ ಸೊಪ್ಪು ಹಾಕದವಳು ಠಾಣೆಯಲ್ಲಿ ಅವಳೊಬ್ಬಳೇ.

ಸಂಗ್ರಹಾಲಯದ ಮೇಲ್ವಿಚಾರಕಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಪೊಲೀಸರನ್ನು ಕಂಡು ಗಾಬರಿಯಾದವಳು ಗಾಬರಿ ತೋರಿಸಿಕೊಳ್ಳಲಿಲ್ಲ.

"ಈ ಚಿತ್ರ ಮೊದಲಿಂದಲೂ ಹೀಗೇ ಇದೆ."

"ತಲೆ ಎಣಿಸಿದೀರಾ?"

"ಎಣಿಸೋ ಸಂದರ್ಭ ಬಂದಿಲ್ಲ. ಪಟ್ಟಿಯಲ್ಲಿ 'ಕಾರ್ಮಿಕರು, ತೈಲವರ್ಣ, ಹನ್ನೊಂದು ಅಡಿ' ಅಂತಷ್ಟೇ ಇದೆ."

ಹಾಲ್ ಉದ್ದಕ್ಕೂ ಈ ಕಡೆಯವರ ಕೈಕೆಲಸ: ಮರದ ಕೆತ್ತನೆ, ಮಣ್ಣಿನ ಬೊಂಬೆ, ನದಿಯ ಜಲವರ್ಣ. ಕೊನೆಯ ಗೋಡೆ ಪೂರ್ತಿ ಆ ಚಿತ್ರ. ಇನ್ಸ್‌ಪೆಕ್ಟರ್ ಬೆರಳು ತೋರಿಸುತ್ತ ಎಣಿಸಿದ. ಮೂವತ್ತೊಂಬತ್ತು. ಹೆಡ್ ಕಾನ್‌ಸ್ಟೇಬಲ್ ಬಲಗಡೆಯಿಂದ ಎಣಿಸಿಕೊಂಡು ಬಂದಳು. ಅವಳಿಗೂ ಮೂವತ್ತೊಂಬತ್ತೇ. ಎರಡನೇ ಸಾಲಿನಲ್ಲಿ ಕೊಡೆ ಹಿಡಿದ ಮುದುಕಿಗೂ ಕನ್ನಡಕದ ಗಂಡಸಿಗೂ ನಡುವೆ ಒಬ್ಬರು ಕೂರುವಷ್ಟು ತೆರಪಿತ್ತು. ಅಲ್ಲಿ ಹಿಂದಿನ ಇಟ್ಟಿಗೆ ಗೋಡೆ ಕಾಣುತ್ತಿತ್ತು. ಮುದುಕಿ ಮಾತ್ರ ಆ ಗೋಡೆಯ ಕಡೆಗೇ ವಾಲಿಕೊಂಡು ಏನೋ ಹೇಳುತ್ತಿದ್ದಳು.

"ಗೋಡೆ ಜೊತೆ ಹರಟೆ ಹೊಡೀತಿದಾಳಲ್ಲ ಸಾರ್ ಈ ಅಜ್ಜಿ," ಎಂದಳು ಹೆಡ್ ಕಾನ್‌ಸ್ಟೇಬಲ್.

ಹಾಲಿನ ಕಾವಲುಗಾರ ಆ ಹೊತ್ತಿಗೆ ದೂರು ಕೊಟ್ಟವಳಿಗೆ ಒಂದು ಸ್ಟೂಲ್ ತಂದು ಹಾಕಿ, ಕುಡಿಯಲು ನೀರು ಕೊಟ್ಟು ಪಕ್ಕದಲ್ಲಿ ನಿಂತಿದ್ದ. ಅರವತ್ತನಾಲ್ಕರ ಮನುಷ್ಯ. ಅವನೂ ಆ ಕಾರ್ಖಾನೆಯಲ್ಲಿ ಹೆಂಚಿಗೆ ಬಣ್ಣ ಬಳಿಯುತ್ತಿದ್ದವನು, ಮುಷ್ಕರದಲ್ಲಿ ಕೊನೆಯ ತನಕ ಕೂತವನು. ಚಿತ್ರದ ಮೊದಲ ಸಾಲಿನಲ್ಲಿ ಮೂರನೆಯವನಾಗಿ, ದಟ್ಟ ಕೂದಲಿನೊಂದಿಗೆ, ಅವನಿದ್ದ. ಚಿತ್ರ ನೋಡಲು ಬಂದವರಿಗೆಲ್ಲ ಒಬ್ಬೊಬ್ಬರ ಕತೆ ಹೇಳುವವನು ಅವನೇ. ಅವನನ್ನು ಎಲ್ಲರೂ 'ಮಾವ' ಎಂದೇ ಕರೆಯುತ್ತಿದ್ದರು.

"ಈ ಜಾಗದಲ್ಲಿ ಯಾರಾದ್ರೂ ಇದ್ರಾ?" ಇನ್ಸ್‌ಪೆಕ್ಟರ್ ಕೇಳಿದ.

"ಇದ್ದಳು ಸಾರ್."

"ಯಾರು?"

"ಈ ಮಗೂ ತಾಯಿ."

"ಯಾವತ್ತಿನ ತನಕ ಇದ್ದಳು?"

"ಭಾನುವಾರದ ತನಕ."

"ಆಮೇಲೆ?"

"ಆಮೇಲೆ ಇಲ್ಲ."

ಮೇಲ್ವಿಚಾರಕಿಯ ಮುಖ ಬಿಳುಚಿಕೊಂಡಿತು. ಇನ್ಸ್‌ಪೆಕ್ಟರ್ ಅವಳ ಕಡೆ ತಿರುಗಿ, "ಎಂಟು ತಿಂಗಳಿಂದ ಕಣ್ಣೆದುರು ಇದ್ದದ್ದು ಎಷ್ಟು ಜನ ಅಂತ ಗೊತ್ತಿಲ್ಲ, ಮೊದಲಿಂದ ಹೀಗೇ ಇದೆ ಅನ್ನೋದು ಮಾತ್ರ ಗೊತ್ತು," ಎಂದ.

ಹನ್ನೊಂದೂಕಾಲರಿಂದ ಹನ್ನೆರಡು ಐದರ ತನಕ ಸ್ಥಳ ಪಂಚನಾಮೆ ನಡೆಯಿತು. ಪಂಚರಾಗಿ ಎದುರಿನ ಜೆರಾಕ್ಸ್ ಅಂಗಡಿಯವನನ್ನೂ ಕಾವಲುಗಾರನನ್ನೂ ಕೂರಿಸಿಕೊಂಡರು. ಕಾವಲುಗಾರ ಕನ್ನಡಕ ಏರಿಸಿ ಪ್ರತಿ ಸಾಲು ಓದಿ, ಕೆಳಗೆ ದುಂಡಗೆ ಸಹಿ ಹಾಕಿದ. ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಎಫ್‌ಐಆರ್ ದಾಖಲಾಯಿತು: ಸಾರ್ವಜನಿಕ ಸಂಗ್ರಹದ ಕಲಾಕೃತಿಗೆ ಹಾನಿ, ಆರೋಪಿ ಅಪರಿಚಿತ.

ಸಂಜೆ ಹೆಡ್ ಕಾನ್‌ಸ್ಟೇಬಲ್ ತನ್ನ ತರ್ಕ ಮುಂದಿಟ್ಟಳು. "ಕಾರ್ಖಾನೆ ಮಾಲೀಕರ ಕಡೆಯವರು ಮಾಡಿಸಿರಬಹುದಾ ಸಾರ್? ಅವರಿಗೆ ಆ ಚಿತ್ರ ಕಂಡ್ರೆ ಆಗಲ್ಲವಂತೆ."

"ಅವರಿಗೆ ಆಗದಿದ್ರೆ ಇಡೀ ಚಿತ್ರ ಹರಿದು ಹಾಕಿಸ್ತಾರೆ. ನಲವತ್ತು ಜನರಲ್ಲಿ ಒಬ್ಬ ಹೆಂಗಸನ್ನ ಆರಿಸಿ ಯಾಕೆ ಅಳಿಸ್ತಾರೆ? ಇದು ಆಕೆ ಮೇಲಿನ ಸಿಟ್ಟು."

"ಸತ್ತು ಇಪ್ಪತ್ತೊಂಬತ್ತು ವರ್ಷ ಆದವಳ ಮೇಲಾ?"

"ಸಿಟ್ಟಿಗೆ ವರ್ಷ ಏನು ಗೊತ್ತು," ಎಂದ ಇನ್ಸ್‌ಪೆಕ್ಟರ್. ಆ ವಿಷಯದಲ್ಲಿ ಅವನಿಗೆ ಅನುಭವವಿತ್ತು.

ಎಂಟನೇ ತಾರೀಕು ಶನಿವಾರ ಹಳೆಯ ಚಿತ್ರಗಳ ದುರಸ್ತಿ ಮಾಡುವ ಹೆಂಗಸು ಬಂದಳು. ಏಣಿ ಹತ್ತಿ, ಭೂತಗನ್ನಡಿ ಹಿಡಿದು, ಒಂದೂವರೆ ಗಂಟೆ ಆ ತೆರಪನ್ನು ನೋಡಿದಳು. ಇಳಿದು ಬಂದವಳ ಮುಖದಲ್ಲಿ ಆಶ್ಚರ್ಯವಿತ್ತು.

"ಇದು ಎಣ್ಣೆ ಬಣ್ಣ ಅಲ್ಲ. ಕಾವಿ ಪುಡಿಯನ್ನ ಗೋಂದಿನಲ್ಲಿ ಕಲಸಿ ಬಳಿದಿದಾರೆ. ಅದೂ ಚಿತ್ರದ ವಾರ್ನಿಷ್ ಮೇಲೆ. ಒದ್ದೆ ಹತ್ತಿ ಮುಟ್ಟಿಸಿದರೆ ಬಿಟ್ಟುಕೊಂಡು ಬರುತ್ತೆ. ಕೆಳಗಿನ ಮುಖಕ್ಕೆ ಒಂದು ಗೀರೂ ಬಿದ್ದಿಲ್ಲ."

"ಗೊತ್ತಿಲ್ಲದೆ ಬಳಿದಿರಬಹುದು."

"ಗೊತ್ತಿದ್ದೇ ಬಳಿದದ್ದು. ಮೊದಲು ಬಟ್ಟೆಯಲ್ಲಿ ಧೂಳು ಒರೆಸಿದಾರೆ, ಆಮೇಲೆ ಬಳಿದಿದಾರೆ. ಇಂಥ ನಾಜೂಕು ನನ್ನ ಶಿಷ್ಯರಿಗೂ ಬರಲ್ಲ."

ಕಳ್ಳ ಮನೆಗೆ ನುಗ್ಗುವ ಮುಂಚೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದಂತಾಯಿತಲ್ಲ ಇದು ಎಂದುಕೊಂಡ ಇನ್ಸ್‌ಪೆಕ್ಟರ್. ಬಣ್ಣ ತೆಗೆಯಬೇಡಿ, ಸಾಕ್ಷ್ಯ, ನಾನು ಹೇಳಿದ ದಿನ ತೆಗೆದರೆ ಸಾಕು ಎಂದು ಅವಳಿಗೆ ತಾಕೀತು ಮಾಡಿದ.

ಈ ಮೂರು ದಿನದಲ್ಲಿ ಅವನಿಗೆ ಕಾವಲುಗಾರ ಹಿಡಿಸಿಬಿಟ್ಟಿದ್ದ. ಹೋದಾಗಲೆಲ್ಲ ಚಿತ್ರದ ಮುಂದಿನ ಬೆಂಚಿನಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದರು. ಕೊಡೆಯ ಮುದುಕಿ ಮ್ಯಾನೇಜರನ ಕಾರಿಗೆ ಅಡ್ಡ ಮಲಗಿದ್ದು, ಕನ್ನಡಕದವನು ಮೀಸೆ ಬೋಳಿಸಿ ಪೊಲೀಸರ ಕಣ್ಣು ತಪ್ಪಿಸಿದ್ದು, ಎಲ್ಲವನ್ನೂ ಆತ ಕಣ್ಣಿಗೆ ಕಟ್ಟುವಂತೆ ಹೇಳಿದ. ಗೋಡೆಯ ತೆರಪಿನ ಹತ್ತಿರ ಬಂದಾಗ ಮಾತ್ರ ಲೋಟ ಕೆಳಗಿಟ್ಟು ಸುಮ್ಮನಾಗುತ್ತಿದ್ದ. ಪಾಪ, ಜೊತೆಯವಳು ಎಂದು ಇನ್ಸ್‌ಪೆಕ್ಟರ್ ಕೆದಕಲು ಹೋಗಲಿಲ್ಲ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಹೀಗೆ ಯಾರನ್ನೂ ಕೆದಕದೆ ಬಿಟ್ಟವನಲ್ಲ ಅವನು.

ಹತ್ತನೇ ತಾರೀಕು ಸೋಮವಾರ, ಸಂಗ್ರಹಾಲಯಕ್ಕೆ ವಾರದ ರಜೆ. ಹೆಡ್ ಕಾನ್‌ಸ್ಟೇಬಲ್ ಬೆಳಿಗ್ಗೆಯಿಂದ ಅಲ್ಲಿನ ರಿಜಿಸ್ಟರುಗಳನ್ನು ಒಂದೊಂದಾಗಿ ಮಗುಚುತ್ತಿದ್ದಳು. ಚಿತ್ರದ ಪಕ್ಕದಲ್ಲಿ ಒಂದು ಗಾಜಿನ ಪೆಟ್ಟಿಗೆಯಿತ್ತು. ಮುಷ್ಕರದಲ್ಲಿದ್ದವರ ಮನೆಯವರು ತಂದುಕೊಟ್ಟ ಸಾಮಾನುಗಳನ್ನು ಅದರಲ್ಲಿ ಇಟ್ಟಿದ್ದರು: ಹಾಜರಿ ಬಿಲ್ಲೆ, ಒಡೆದ ಹೆಂಚು, ಊಟದ ಡಬ್ಬಿ, ಐದಾರು ಹಳೆಯ ಪ್ರಮಾಣಪತ್ರ. ಹನ್ನೊಂದೂವರೆಗೆ ಅವಳು ಇನ್ಸ್‌ಪೆಕ್ಟರನ್ನು ಕೂಗಿ ಕರೆದಳು.

"ರಿಜಿಸ್ಟರಿನಲ್ಲಿ ಹದಿನೇಳು ಸಾಮಾನಿದೆ ಸಾರ್. ಪೆಟ್ಟಿಗೇಲಿ ಹದಿನಾರು."

"ಹದಿನೇಳನೇದು ಏನು?"

"ಸೇವಾ ಪ್ರಮಾಣಪತ್ರ. ಫೆಬ್ರವರಿ ಇಪ್ಪತ್ಮೂರು, ಭಾನುವಾರ. ಕೊಟ್ಟವರು ನಮ್ಮ ದೂರುದಾರಳು, ಅವರಮ್ಮಂದು. ತಗೊಂಡವರು..." ಅವಳು ಬೆರಳಿಟ್ಟು ತೋರಿಸಿದಳು.

ದುಂಡಗಿನ ಸಹಿ. ಪಂಚನಾಮೆಯ ಕೆಳಗೆ ಇದ್ದದ್ದೂ ಅದೇ.

"ಬೀಗದ ಕೈ ಪುಸ್ತಕ?"

"ಹೋದ ಸೋಮವಾರ ಮಧ್ಯಾಹ್ನ ಎರಡರಿಂದ ನಾಲ್ಕು, ಹಾಲಿನ ಕೀ ಅವರ ಕೈಲೇ. ಧೂಳು ಹೊಡೆಯೋಕೆ ಅಂತ ಬರೆದಿದೆ. ಪ್ರತಿ ಸೋಮವಾರವೂ ಹಾಗೇ ಬರೆದಿದೆ, ಅದಕ್ಕೇ ಮೊದಲು ನೋಡಿದಾಗ ನನ್ನ ಕಣ್ಣಿಗೆ ಬೀಳಲಿಲ್ಲ."

ಇನ್ಸ್‌ಪೆಕ್ಟರ್ ರಿಜಿಸ್ಟರ್ ಮುಚ್ಚಿದ. ಕಿವಿಗಳು ಕೆಂಪಗಾಗಿದ್ದವು. ಅವನು ಕಿರುಚದೆ ಇದ್ದದ್ದು ನೋಡಿ ಹೆಡ್ ಕಾನ್‌ಸ್ಟೇಬಲ್‌ಗೆ ಹೆದರಿಕೆಯಾಯಿತು.

ಕಾವಲುಗಾರನ ಮನೆ ಮೂರನೇ ಮಹಡಿಯ ಒಂದು ಕೋಣೆ. ಮೂರೂವರೆಗೆ ಇವರು ಹೋದಾಗ ಬಾಗಿಲು ತೆರೆದೇ ಇತ್ತು. ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯನ್ನು ಆತನೇ ಎಳೆದು ಕೊಟ್ಟ. ಮೇಲೆ ಒಂದು ಚಪ್ಪಟೆ ಬ್ರಷ್, ಕಾವಿ ಪುಡಿಯ ಪೊಟ್ಟಣ, ಗೋಂದಿನ ಸೀಸೆ. ಅಡಿಯಲ್ಲಿ ಎರಡು ಪ್ರಮಾಣಪತ್ರ.

"ಪಂಚನಾಮೆಗೆ ಸಹಿ ಹಾಕಿದೆಯಲ್ಲ," ಎಂದ ಇನ್ಸ್‌ಪೆಕ್ಟರ್. "ನಾನು ಬರೆಸಿದ್ದು, ನೀನು ಸಾಲು ಸಾಲು ಓದಿದ್ದು. 'ಯಾರೋ ಅಪರಿಚಿತರು' ಅಂತ ನಾನು ಬರೆಸುವಾಗ ಪಕ್ಕದಲ್ಲೇ ಕೂತು ತಲೆ ಆಡಿಸಿದೆಯಲ್ಲ. ನಗು ಬರಲಿಲ್ಲವಾ?"

"ನೀವು ಕೇಳಿದ್ದಕ್ಕೆಲ್ಲ ನಿಜ ಹೇಳಿದೀನಿ ಸಾರ್. ನೀನು ಮಾಡಿದ್ಯಾ ಅಂತ ಕೇಳಲಿಲ್ಲ."

"ಈಗ ಕೇಳ್ತಿದೀನಿ."

"ನಾನೇ ಮಾಡಿದ್ದು."

"ಯಾಕೆ?"

ಆತ ಎರಡೂ ಪ್ರಮಾಣಪತ್ರಗಳನ್ನು ಮಂಚದ ಮೇಲೆ ಅಕ್ಕಪಕ್ಕ ಹರಡಿದ. "ಇದು ನಂದು, ಇದು ಅವಳದ್ದು. ನಾಲ್ಕನೇ ಸಾಲು ಓದಿ."

ಅವನದರಲ್ಲಿ 'ಸೇವೆಯಲ್ಲಿ ಕಡಿತ: ನಲವತ್ತೊಂದು ದಿನ' ಎಂದಿತ್ತು. ಅವಳದರಲ್ಲಿ 'ಸೇವೆಯಲ್ಲಿ ಕಡಿತ: ಇಲ್ಲ' ಎಂದಿತ್ತು.

"ಮುಷ್ಕರ ಕೂತ ನಮಗೆಲ್ಲ ನಲವತ್ತೊಂದು ದಿನ ಕಡಿತ ಹಾಕಿದ್ರು ಸಾರ್. ಗಾಜಿನ ಪೆಟ್ಟಿಗೇಲಿ ಇರೋ ಎಲ್ಲದರಲ್ಲೂ ಹಾಗೇ ಇದೆ, ಹೋಗಿ ನೋಡಿ. ಅವಳೊಬ್ಬಳಿಗೆ ಇಲ್ಲ. ನಮ್ಮ ಜೊತೆ ಗೇಟಿನ ಆಚೆ ಕೂತಿದ್ದವಳನ್ನ ಕೆಲಸದಲ್ಲಿದಾಳೆ ಅಂತ ಬರ್ಕೊಂಡಿದೆ ಕಂಪನಿ. ಅಲ್ಲಿ ಕೂತು ಯಾರ ಕೆಲಸ ಮಾಡ್ತಿದ್ದಳು?"

ಹೆಡ್ ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿದಳು.

"ಮೂವತ್ತೊಂಬತ್ತನೇ ದಿನ ನಮ್ಮೊಳಗಿನ ಒಂಬತ್ತು ಜನರ ಹೆಸರು ಆಫೀಸಿಗೆ ಹೋಯ್ತು. ಮೈಕ್ ಹಿಡಿದು ಕೂಗಿದವರದ್ದಲ್ಲ. ಹಿಂದೆ ಕೂತು ಮುಂದೇನು ಅಂತ ತೀರ್ಮಾನ ಮಾಡ್ತಿದ್ದವರದ್ದು. ಹೊರಗಿನವರಿಗೆ ಅದು ಗೊತ್ತಾಗೋ ಹಾಗೇ ಇರಲಿಲ್ಲ. ನಲವತ್ತೊಂದನೇ ದಿನ ಎಲ್ಲರಿಗೂ ಗೇಟು ತೆಗೀತು. ನಮ್ಮ ಒಂಬತ್ತು ಜನಕ್ಕೆ ಮತ್ತೆ ತೆಗೀಲೇ ಇಲ್ಲ. ಒಬ್ಬ ಹುಚ್ಚನಾದ. ಒಬ್ಬ ಊರು ಬಿಟ್ಟ. ನನ್ನ ಹೆಂಡತಿ ತವರಿಗೆ ಹೋದವಳು ಬರಲಿಲ್ಲ."

"ಅದಕ್ಕೆ ಈ ಕಾವಲು ಕೆಲಸಾನಾ?"

"ಮತ್ತೆ ಯಾಕೆ ಅಂದ್ಕೊಂಡ್ರಿ. ದಿನಾ ಬೆಳಿಗ್ಗೆ ಬಾಗಿಲು ತೆಗೆದು ಒಂದೊಂದು ಮುಖದ ಮುಂದೆ ನಿಂತು ನೀನಾ, ನೀನಾ ಅಂತ ಕೇಳ್ತಿದ್ದೆ. ಹತ್ತೊಂಬತ್ತು ವರ್ಷ. ಅವಳನ್ನ ಮಾತ್ರ ಒಂದು ದಿನವೂ ಕೇಳಲಿಲ್ಲ ಸಾರ್. ಅವಳ ಮುಂದೆ ನಿಂತಾಗ, ಇವಳೊಬ್ಬಳು ಅಲ್ಲ ಅಂತ ಸಮಾಧಾನ ಆಗ್ತಿತ್ತು."

"ಮಗಳಿಗೆ ಹೇಳಬೇಕಿತ್ತು."

"ಏನಂತ? ಆ ಕಾಗದ ಪೆಟ್ಟಿಗೇಲಿ ಇಡಿ ಮಾವ, ಎಲ್ಲರೂ ನೋಡ್ಲಿ ಅಂತ ನಗ್ತಾ ಕೈಗೆ ಕೊಟ್ಟಳು. ಮುಂದಿನ ಭಾನುವಾರ ಒಂದು ಗುಂಪು ಬಂದಿತ್ತು. ಕತೆ ಹೇಳ್ಕೊಂಡು ಹೋಗ್ತಾ ಅವಳ ಹತ್ರ ಬಂದೆ. ಸುಳ್ಳು ಹೇಳೋಕೆ ನಾಲಿಗೆ ಹೊರಳಲಿಲ್ಲ, ನಿಜ ಹೇಳೋಕೆ ಧೈರ್ಯ ಬರಲಿಲ್ಲ. ಅವಳು ಅಲ್ಲಿಲ್ಲದಿದ್ರೆ ಎರಡೂ ತಪ್ಪುತ್ತೆ ಅನ್ನಿಸ್ತು."

"ನೀರಿಗೆ ಹೋಗೋ ಬಣ್ಣ ಬಳಿದದ್ದು?"

"ಮೇಷ್ಟ್ರ ಚಿತ್ರ ಅದು. ಹಾಳು ಮಾಡೋಕೆ ಕೈ ಬರುತ್ತಾ."

ಅಂದೇ ಬಂಧಿಸಬಹುದಿತ್ತು. ಇನ್ಸ್‌ಪೆಕ್ಟರ್ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಹಾಜರಾಗುವಂತೆ ನೋಟಿಸ್ ಕೊಟ್ಟು, ಪೆಟ್ಟಿಗೆಯಲ್ಲಿದ್ದದ್ದನ್ನು ಮಹಜರ್ ಮಾಡಿ ವಶಕ್ಕೆ ತೆಗೆದುಕೊಂಡು ಇಳಿದ. ಜೀಪಿನಲ್ಲಿ ಅವನ ಸಿಟ್ಟು ಎ‌ಲ್ಲರ ಮೇಲೂ ಹೋಯಿತು: ನಂಬಿಸಿ ಕತೆ ಹೇಳಿದ ಮುದುಕನ ಮೇಲೆ, ನಂಬಿದ ತನ್ನ ಮೇಲೆ, ಗಲ್ಲಕ್ಕೆ ಕೈ ಕೊಟ್ಟು ಕೂತು ನಲವತ್ತೊಂದು ದಿನ ಎಲ್ಲರ ಕಣ್ಣಿಗೆ ಮಣ್ಣೆರಚಿದ ಆ ಸತ್ತವಳ ಮೇಲೆ.

"ಮಗಳಿಗೆ ಯಾರು ಹೇಳೋದು ಸಾರ್?" ಎಂದಳು ಹೆಡ್ ಕಾನ್‌ಸ್ಟೇಬಲ್.

"ದೋಷಾರೋಪ ಪಟ್ಟಿಯ ಪ್ರತಿ ಅವಳ ಕೈಗೆ ಹೋಗುತ್ತೆ. ನಾವು ಹೇಳದಿದ್ರೂ ಓದ್ಕೋತಾಳೆ." ಸ್ವಲ್ಪ ಹೊತ್ತಾದ ಮೇಲೆ, "ಮೊದಲು ಆ ಕಾಗದ ಅಸಲಿಯೋ ನಕಲಿಯೋ ನೋಡೋಣ. ನಕಲಿ ಆಗಿದ್ರೆ ಚೆನ್ನಾಗಿತ್ತು," ಎಂದ.

ಪ್ರಮಾಣಪತ್ರ ಬರೆದ ಗುಮಾಸ್ತರು ಬದುಕಿದ್ದರು. ಕಾರ್ಖಾನೆಯ ಹಾಜರಿ ಕಚೇರಿಯಲ್ಲಿ ಮೂವತ್ತು ವರ್ಷ ಕೂತವರು. ಈಗ ಎಂಬತ್ನಾಲ್ಕು, ಮಗನ ಮನೆಯ ಬಾಲ್ಕನಿಯಲ್ಲಿ ಹೂಕುಂಡಗಳ ನಡುವೆ ಕುರ್ಚಿ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಇನ್ಸ್‌ಪೆಕ್ಟರ್ ಕಾಗದವನ್ನು ಅವರ ಕೈಗಿಟ್ಟ. ಗುಮಾಸ್ತರು ಅದನ್ನು ಮೂಗಿನ ಹತ್ತಿರ ಹಿಡಿದರು.

"ನನ್ನದೇ ಅಕ್ಷರ."

"ಕಡಿತ ಇಲ್ಲ ಅಂತ ಯಾಕೆ ಬರೆದಿರಿ?"

"ಇರಲಿಲ್ಲ, ಬರೆದೆ."

"ಮುಷ್ಕರ ಕೂತವಳಿಗೆ ಕಡಿತ ಹೇಗೆ ಇಲ್ಲ ಯಜಮಾನರೇ? ಕಂಪನಿ ಕಡೆಯವಳಾ?"

ಗುಮಾಸ್ತರು ಅವನನ್ನು ಪಾಠ ಬಾರದ ಹುಡುಗನನ್ನು ನೋಡುವಂತೆ ನೋಡಿದರು. "ಆಕೆ ಹೆರಿಗೆ ರಜೆಯಲ್ಲಿದ್ದಳು. ಮುಷ್ಕರ ಶುರುವಾಗೋ ನಾಲ್ಕು ದಿನ ಮುಂಚೆ ರಜೆ ಮಂಜೂರಾಗಿತ್ತು. ರಜೆ ಸೇವೆಗೆ ಸೇರುತ್ತೆ. ಕಡಿತ ಎಲ್ಲಿಂದ ಹಾಕಲಿ?"

ಇನ್ಸ್‌ಪೆಕ್ಟರ್ ಕಾಗದ ವಾಪಸ್ ತೆಗೆದುಕೊಂಡು ನಾಲ್ಕನೇ ಸಾಲನ್ನು ಮತ್ತೆ ಓದಿದ.

"ಮನೆಯಲ್ಲಿ ಕಾಲು ಚಾಚಿ ಮಲಗಿದ್ದರೆ ಆಕೆಯನ್ನ ಯಾರೂ ಏನೂ ಅನ್ನುತ್ತಿರಲಿಲ್ಲ. ದಿನಾ ಬಂದು ಕೂತಳು, ತುಂಬಿದ ಹೊಟ್ಟೆ ಹೊತ್ತುಕೊಂಡು. ಮ್ಯಾನೇಜರು ಕಿಟಕಿಯಿಂದ ನೋಡಿ, ಅವಳ ರಜೆ ರದ್ದು ಮಾಡು ಅಂದರು. ಕಾನೂನಿನಲ್ಲಿ ಅವಕಾಶ ಇಲ್ಲ ಅಂದೆ. ಮುಷ್ಕರ ಮುಗಿದು ವಾರಕ್ಕೆ ಹೆಣ್ಣು ಮಗು ಆಯಿತು ಅಂತ ಚೀಟಿ ಬಂತು."

ಹೆಡ್ ಕಾನ್‌ಸ್ಟೇಬಲ್ ಹಣೆ ಒತ್ತಿಕೊಂಡಳು. "ನಾನೇ ಎರಡು ಸಲ ತಗೊಂಡಿದೀನಿ ಸಾರ್ ಆ ರಜೆ. ನನಗೇ ಹೊಳೀಲಿಲ್ಲ."

ಹೇಳಿಕೆ ಬರೆದು ಮುಗಿಯಿತು. ಇನ್ಸ್‌ಪೆಕ್ಟರ್ ಏಳಲಿಲ್ಲ.

"ಹಾಗಾದ್ರೆ ಆ ಒಂಬತ್ತು ಹೆಸರು ಕೊಟ್ಟವರು ಯಾರು?"

"ನಿಮ್ಮ ಕೇಸಿಗೆ ಅದು ಬೇಕಾ?"

"ಕೇಸಿಗೆ ಬೇಡ. ನನಗೆ ಬೇಕು."

ಗುಮಾಸ್ತರು ಬಗ್ಗಿ ಹೂಕುಂಡದ ಮಣ್ಣು ಕೆದರಿದರು.

"ಡ್ರಾಯಿಂಗ್ ಮೇಷ್ಟ್ರು," ಎಂದರು ಕೊನೆಗೆ. "ಅವರಿಗೆ ಕೇಡು ಬಗೆಯೋ ಮನಸ್ಸಿರಲಿಲ್ಲ. ಚಿತ್ರಕ್ಕೆ ಮುಂಚೆ ಒಂದು ಪುಸ್ತಕದಲ್ಲಿ ಎಲ್ಲರನ್ನೂ ಪೆನ್ಸಿಲಿನಲ್ಲಿ ಬರ್ಕೊಂಡಿದ್ದರು. ಮ್ಯಾನೇಜರಿಗೆ ಕಲೆಯ ಹುಚ್ಚು ಅಂತ ಯಾರೋ ಹೇಳಿದರಂತೆ. ಚಹಾಕ್ಕೆ ಕರೆದರೆ ಮೇಷ್ಟ್ರು ಪುಸ್ತಕ ಹಿಡ್ಕೊಂಡು ಬಂದೇಬಿಟ್ಟರು. ಆಹಾ, ಏನು ಜೀವ ಇದೆ, ಇದು ಯಾರು, ಇವನ ಕಣ್ಣಲ್ಲಿ ಅದೇನು ಬೆಂಕಿ ಅಂತ ಒಂದೊಂದೇ ಹಾಳೆ ಮಗುಚುತ್ತ ಹೋದರು ಮ್ಯಾನೇಜರು. ಮೇಷ್ಟ್ರು ಹಿಗ್ಗಿ ಹಿಗ್ಗಿ ಹೇಳಿದರು. ಇವನು ಸುಮ್ಮನಿದ್ದಾನೆ ಅಂತ ಕಾಣುತ್ತೆ, ಆದ್ರೆ ಎಲ್ಲರೂ ಇವನ ಮಾತು ಕೇಳೋದು. ಈ ಗುಂಪು ನೋಡಿ, ತೀರ್ಮಾನ ಎಲ್ಲ ಇಲ್ಲೇ. ಪಕ್ಕದ ಮೇಜಿನಲ್ಲಿ ಕೂತು ಬರ್ಕೊಂಡವನು ನಾನು."

"ಮೇಷ್ಟ್ರಿಗೆ ಆಮೇಲಾದ್ರೂ ಗೊತ್ತಾಯ್ತಾ?"

"ನಾನು ಕೇಳಲಿಲ್ಲ. ಆ ಚಿತ್ರ ಮುಗಿಸೋಕೆ ಏಳು ವರ್ಷ ತಗೊಂಡರು. ಯಾವತ್ತೂ ಗೋಡೆಯಿಂದ ಇಳಿಸಬಾರದು ಅಂತ ಷರತ್ತು ಬರೆಸಿಕೊಟ್ಟರು. ತಾವು ಮಾತ್ರ ನೋಡೋಕೆ ಒಂದು ಸಲವೂ ಹೋಗಲಿಲ್ಲ."

ಮಧ್ಯಾಹ್ನ ಆಸ್ಪತ್ರೆಯ ಬಟ್ಟೆ ವಿಭಾಗಕ್ಕೆ ಹೋದರು. ಇಸ್ತ್ರಿ ಯಂತ್ರದ ಬಿಸಿ ಉರುಳೆಗಳ ನಡುವೆ ಹಾಸಿಗೆ ಬಟ್ಟೆಗಳು ನುಗ್ಗಿ ಮಟ್ಟಸವಾಗಿ ಹೊರಬರುತ್ತಿದ್ದವು. ಇನ್ಸ್‌ಪೆಕ್ಟರ್ ತನ್ನ ರೀತಿಯಲ್ಲೇ ಹೇಳಿದ, ಮೊದಲು ಯಾರು ಎಂಬುದನ್ನು, ಆಮೇಲೆ ಯಾಕೆ ಎಂಬುದನ್ನು, ಕೊನೆಗೆ ಗುಮಾಸ್ತರ ಹೇಳಿಕೆಯನ್ನು. ಮೇಷ್ಟ್ರ ವಿಷಯ ಎತ್ತಲಿಲ್ಲ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಳು.

"ಮಾವನಾ?"

"ಹೌದು."

"ಆ ಕಾಗದ ಕೊಟ್ಟಾಗ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. ಹುಷಾರಾಗಿ ಹೋಗು ಮಗಾ ಅಂದ್ರು. ಬಸ್ ಸ್ಟಾಪ್ ತನಕ ಬಂದು ಕಳಿಸಿದ್ರು." ಅವಳ ದನಿ ಏರಲಿಲ್ಲ. "ಒಂದು ಮಾತು ನನ್ನ ಕೇಳಬಹುದಿತ್ತಲ್ಲ. ನಾನು ಹುಟ್ಟಿದ ತಾರೀಕು ಹೇಳ್ತಿದ್ದೆ. ಅಷ್ಟರಲ್ಲಿ ಎಲ್ಲ ಮುಗೀತಿತ್ತು."

ಹೆಡ್ ಕಾನ್‌ಸ್ಟೇಬಲ್ ಮೆಲ್ಲಗೆ, "ನಾಳೆ ಬಣ್ಣ ತೆಗೀತಾರೆ ತಂಗಿ, ಅಮ್ಮ ಮೊದಲಿನ ಹಾಗೇ ಇರ್ತಾಳೆ. ದೂರು ವಾಪಸ್ ತಗೊಳ್ಳೋ ಯೋಚನೆ ಇದ್ರೆ..." ಎಂದಳು.

"ಇಲ್ಲ."

"ವಯಸ್ಸಾದವರು."

"ಅಮ್ಮನ ಮುಖ ವಾಪಸ್ ಬರುತ್ತೆ ಅಕ್ಕ. ಅವಳ ಬಗ್ಗೆ ನನಗೆ ಗೊತ್ತಿರೋದೆಲ್ಲ ಮಾವ ಹೇಳಿದ್ದೇ. ಬಿಸಿಲಲ್ಲಿ ಎಲ್ಲರಿಗೂ ನೀರು ಹಂಚಿದ್ದು, ಪೊಲೀಸ್ ಬಂದಾಗ ಹಾಡು ಎತ್ತಿದ್ದು. ಒಂದು ಸಾಲು ಓದಿದ್ದಕ್ಕೆ ಅಷ್ಟನ್ನೂ ಅವರು ಬಿಟ್ಟುಕೊಟ್ಟರು. ಇನ್ಮೇಲೆ ಅದನ್ನೆಲ್ಲ ನಾನು ಹೇಗೆ ನಂಬಲಿ?"

ಬುಧವಾರ, ಹನ್ನೆರಡನೇ ತಾರೀಕು. ಹನ್ನೊಂದಕ್ಕೆ ಬರಬೇಕಾದ ಕಾವಲುಗಾರ ಹತ್ತು ಹತ್ತಕ್ಕೇ ಬಂದು ಠಾಣೆಯ ಬೆಂಚಿನಲ್ಲಿ ಕೂತಿದ್ದ. ಇನ್ಸ್‌ಪೆಕ್ಟರ್ ಗುಮಾಸ್ತರ ಹೇಳಿಕೆಯನ್ನು ಅವನ ಮುಂದಿಟ್ಟ. ಆತ ಎಂದಿನಂತೆ ಪ್ರತಿ ಸಾಲು ಓದಿದ. ಓದಿ ಮುಗಿದ ಮೇಲೂ ಕಾಗದದಿಂದ ತಲೆ ಎತ್ತಲಿಲ್ಲ.

"ಹೊಟ್ಟೆ ಇತ್ತು. ಗೊತ್ತಿತ್ತು ಸಾರ್," ಎಂದ. "ಕೂರೋಕೆ ಕಷ್ಟ ಪಡ್ತಿದ್ದಳು. ನನ್ನ ಟವಲ್ಲೇ ಮಡಿಚಿ ಕೊಟ್ಟಿದ್ದೆ. ಅದಕ್ಕೆ ರಜೆ ಅಂತ ಒಂದಿರುತ್ತೆ, ಅದನ್ನ ಲೆಕ್ಕಕ್ಕೆ ಹಿಡೀತಾರೆ ಅಂತ ಗೊತ್ತಿರಲಿಲ್ಲ. ನಾವು ಗಂಡಸರು ಯಾವತ್ತು ಅದನ್ನೆಲ್ಲ ವಿಚಾರಿಸಿದ್ವಿ."

ಹತ್ತು ನಲವತ್ತಕ್ಕೆ ಬಂಧನದ ಮೆಮೊ ಬರೆದರು. ಯಾರಿಗೆ ತಿಳಿಸಬೇಕು ಎಂದು ರೈಟರ್ ಕೇಳಿದ. ಆತ ಸ್ವಲ್ಪ ಯೋಚಿಸಿ, ಯಾರೂ ಇಲ್ಲ ಎಂದ.

ಅದೇ ಹೊತ್ತಿಗೆ ಸಂಗ್ರಹಾಲಯದಲ್ಲಿ ಹೆಡ್ ಕಾನ್‌ಸ್ಟೇಬಲ್ ಎದುರಿಗೆ, ಬೇರೆ ಇಬ್ಬರು ಪಂಚರನ್ನು ಕೂರಿಸಿಕೊಂಡು, ದುರಸ್ತಿಯವಳು ಒದ್ದೆ ಹತ್ತಿಯಿಂದ ಕಾವಿ ತೆಗೆಯುತ್ತಿದ್ದಳು. ಮೊದಲು ಮೊಣಕೈ ಬಂತು, ಆಮೇಲೆ ಗಲ್ಲಕ್ಕೊತ್ತಿದ ಬೆರಳು, ಆಮೇಲೆ ಬಾಯಿ. ಮಗಳು ಸ್ಟೂಲಿನ ಮೇಲೆ ಕೂರದೆ ನಿಂತೇ ನೋಡಿದಳು. ಪೂರ್ತಿ ಮುಖ ಬಂದ ಮೇಲೆ ಅವಳು ಮೊದಲ ಸಾಲಿನ ಮೂರನೆಯವನನ್ನೂ ಒಂದು ಸಲ ನೋಡಿದಳೆಂದು ಹೆಡ್ ಕಾನ್‌ಸ್ಟೇಬಲ್ ಆಮೇಲೆ ಹೇಳಿದಳು. ಅಲ್ಲಿಂದ ನೇರ ಕೆಲಸಕ್ಕೆ ಹೊರಟುಹೋದಳಂತೆ.

ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಹನ್ನೆರಡೂವರೆಗೆ ಜೀಪ್ ಹೊರಟಿತು. ಇನ್ಸ್‌ಪೆಕ್ಟರ್ ಮುಂದೆ ಕೂರುವ ಬದಲು ಹಿಂದೆ, ಆರೋಪಿಯ ಎದುರಿಗೆ ಕೂತ.

"ಸಾರ್."

"ಹೇಳು."

"ಅವಳಲ್ಲ ಅಂದ್ರೆ ಮತ್ತೆ ಯಾರು?"

ಇನ್ಸ್‌ಪೆಕ್ಟರ್ ಜೀವಮಾನದಲ್ಲಿ ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲಿ ತಡೆದವನಲ್ಲ. ಹೆಂಡತಿಯ ಹತ್ತಿರ, ಮೇಲಧಿಕಾರಿಗಳ ಹತ್ತಿರ, ಸಾವಿನ ಮನೆಯಲ್ಲಿ ಕೂಡ. ಮುದುಕ ಕಾಯುತ್ತಿದ್ದ. ಮೇಷ್ಟ್ರ ಚಿತ್ರ, ಹಾಳು ಮಾಡೋಕೆ ಕೈ ಬರುತ್ತಾ ಎಂದಿದ್ದ ಮುದುಕ.

"ಆ ಚಿತ್ರದಲ್ಲಿರೋ ಯಾರೂ ಅಲ್ಲ."

"ನಲವತ್ತರಲ್ಲಿ ಯಾರೂ ಅಲ್ವಾ?"

"ಯಾರೂ ಅಲ್ಲ. ನಾನು ತನಿಖೆ ಮಾಡಿದೀನಿ."

ಮುದುಕ ಅವನ ಮುಖವನ್ನೇ ನೋಡಿದ, ಸುಳ್ಳಿದೆಯೇ ಎಂದು. ಸುಳ್ಳಿರಲಿಲ್ಲ. ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು, ಹೊರಗೆ ಹಾದುಹೋಗುವ ಅಂಗಡಿಗಳನ್ನು ನೋಡುತ್ತ ಕೂತ. ಅವನ ತುಟಿ ಅಲುಗುತ್ತಿತ್ತು. ಮೊದಲ ಸಾಲಿನಿಂದ ಶುರುಮಾಡಿ ಒಬ್ಬೊಬ್ಬರ ಹೆಸರನ್ನೂ ಹೇಳಿಕೊಳ್ಳುತ್ತಿದ್ದಾನೆ ಎಂದು ಇನ್ಸ್‌ಪೆಕ್ಟರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಸಂಜೆ ಐದಕ್ಕೆ ಕೇಸ್ ಡೈರಿ ಮುಗಿಸಲು ಕೂತ. ಗುಮಾಸ್ತರ ಹೇಳಿಕೆಯಲ್ಲಿ ರಜೆಯ ಮಾತಷ್ಟೇ ಇತ್ತು. ಮಿಕ್ಕದ್ದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ. ಕೃತ್ಯಕ್ಕೆ ಕಾರಣ ಎಂಬ ಕಡೆ ಬಂದಾಗ 'ಹಳೆಯ ದ್ವೇಷ' ಎಂದು ಬರೆದು ಹೊಡೆದುಹಾಕಿದ. ಆಮೇಲೆ ನಿಧಾನವಾಗಿ ಬರೆದ: 'ಆರೋಪಿಯು ತನ್ನ ಜೊತೆಯವರೆಲ್ಲರನ್ನೂ ಮೂವತ್ತೆಂಟು ವರ್ಷ ಅನುಮಾನಿಸಿದ್ದನು. ಮೃತಳೊಬ್ಬಳನ್ನು ಮಾತ್ರ ಅನುಮಾನಿಸಿರಲಿಲ್ಲ.'